ಪಟ್ಟಿಯಲ್ಲಿ ಉಳಿದ ಕಾಜಳಿ

ಉದಗೀರದ ಒಂದು ಕಾಲೇಜಿನಲ್ಲಿ ಬಸವಕುಮಾರ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಮನೆತನದ ಬಟ್ಟೆ ಅಂಗಡಿಯನ್ನು ಅಣ್ಣ ರವಿಕಾಂತ ನೋಡಿಕೊಳ್ಳುತ್ತಿದ್ದುದರಿಂದ ಕಾಲೇಜು ಬಿಟ್ಟ ಮೇಲಿನ ಹೊತ್ತು ಅವನದೇ ಆಗಿತ್ತು. ಆ ಹೊತ್ತನ್ನೆಲ್ಲ ನಾಲ್ಕು ವರ್ಷಗಳಿಂದ ಅವನು ಒಂದೇ ಕೆಲಸಕ್ಕೆ ಹಾಕಿದ್ದ: ದೇವಣಿ ತಳಿಯ ದನಗಳ ವಂಶಾವಳಿಯನ್ನು ಕಾಯ್ದಿಡುವ ಒಂದು ತಂತ್ರಾಂಶ.

ಆ ವಂಶಾವಳಿಯ ಬರಹ ನಿಜವಾಗಿ ಮನ್ಮಥಪ್ಪನವರದು. ಎಪ್ಪತ್ತೆರಡು ವರ್ಷದ ಮನ್ಮಥಪ್ಪ ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ರೈತರ ಬಾಯಲ್ಲಿ ‘ಮಾಸ್ತರು’. ಉದಗೀರ, ದೇವಣಿ, ನಿಲಂಗಾ ಕಡೆಯ ಹಳ್ಳಿಗಳನ್ನೂ ಆಚೆ ಉಮರ್ಗಾ ದಾರಿಯವನ್ನೂ ಮೋಟರ್‌ಸೈಕಲ್ ಮೇಲೆ ತಿರುಗಿ, ಯಾವ ಆಕಳು ಯಾವ ಹೋರಿಗೆ ಹುಟ್ಟಿತು, ಎಷ್ಟು ಸಲ ಈಯಿತು, ಯಾರ ಕೊಟ್ಟಿಗೆಯಿಂದ ಯಾರ ಕೊಟ್ಟಿಗೆಗೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದರು. ದೇವಣಿಯ ತಳಿಗಾರರ ಸಮಿತಿ ಆ ಬರಹವನ್ನೇ ನಂಬಿ ನಡೆಯುತ್ತಿತ್ತು. ತಂದೆ-ಮಗಳು ಕೂಡದಂತೆ ಹೋರಿ ಆರಿಸುವುದಕ್ಕೂ ಅದೇ ಬೇಕು, ಪ್ರದರ್ಶನದಲ್ಲಿ ಹೆಸರು ಕೂಗುವುದಕ್ಕೂ ಅದೇ ಬೇಕು.

ಬಸವಕುಮಾರ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ. ಮನ್ಮಥಪ್ಪನವರ ಮನೆಯಲ್ಲೇ ಒಂದು ಹಳೆಯ ಕಂಪ್ಯೂಟರ್ ಇಟ್ಟು, ದಿನವೂ ಸಂಜೆ ಪಕ್ಕದಲ್ಲಿ ಕೂತು ಅವರಿಗೆ ಕಲಿಸಿದ. ಕಲಿತ ಮೇಲೆ ಒಂದು ಮಾತು ಹೇಳಿದ್ದ: “ಇನ್ ನೋಟ್‌ಬುಕ್ ಬಿಟ್‌ಬಿಡ್ರಿ ಕಾಕಾ. ಎರಡ್ ಕಡಿ ಬರದ್ರ ಒಂದ್ ಕಡಿ ಒಂದ್ ಇರ್ತದ, ಇನ್ನೊಂದ್ ಕಡಿ ಮತ್ತೊಂದ್ ಆಗ್ತದ.” ಮನ್ಮಥಪ್ಪ ಒಂದು ವಾರ ಯೋಚಿಸಿ, ಬಿಟ್ಟರು.

ಒಂದೊಂದು ದನಕ್ಕೆ ಒಂದೊಂದು ಫೈಲು. ಒಂದು ಊರಿನ ದನಗಳಿಗೆಲ್ಲ ಒಂದು ಫೋಲ್ಡರು. ಊರುಗಳೆಲ್ಲ ತಾಲೂಕಿನ ಫೋಲ್ಡರಿನೊಳಗೆ. ಪ್ರತಿ ಸಲ ‘ಸೇವ್’ ಒತ್ತಿ ಉಳಿಸಿದಾಗ ಆ ದಿನ ಎಲ್ಲವೂ ಹೇಗಿತ್ತೋ ಹಾಗೆ ಒಂದು ಪೂರ್ತಿ ಪ್ರತಿ ತಯಾರಾಗಿ ದೇವಣಿಯ ಸಮಿತಿ ಕಚೇರಿಯ ಕಂಪ್ಯೂಟರಿಗೆ ಹೋಗುತ್ತಿತ್ತು. ಹೋದ ದೀಪಾವಳಿಗೆ ಒಂದು ಹೋರಿ ಯಾರ ಬಳಿ ಇತ್ತು ಎಂದು ಕೇಳಿದರೆ ಆವತ್ತಿನ ಪ್ರತಿ ತೆರೆದು ಹೇಳಬಹುದು. ಇಂಥ ಕೆಲಸಕ್ಕೆ ಜಗತ್ತೆಲ್ಲ ಬಳಸುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಇದ್ದವು. ಆದರೆ ಬಸವಕುಮಾರನಿಗೆ ತನ್ನದೇ ಬೇಕಿತ್ತು. ಉದಗೀರದಲ್ಲಿ ಕೂತು ತಾನೊಬ್ಬನೇ ಬರೆದದ್ದು ಎಂದು ಹೇಳಿಕೊಳ್ಳುವುದು ಅವನಿಗೆ ಹಿತವಾಗಿತ್ತು.

ದನಗಳ ಸಂಖ್ಯೆ ಹನ್ನೊಂದು ಸಾವಿರ ದಾಟಿದ ಮೇಲೆ ಉಳಿಸುವುದಕ್ಕೆ ನಾಲ್ಕು ನಿಮಿಷ ಹಿಡಿಯತೊಡಗಿತು. ತಂತ್ರಾಂಶ ಪ್ರತಿ ಸಲ ಎಲ್ಲ ಫೋಲ್ಡರುಗಳೊಳಗೂ ಹೊಕ್ಕು, ಪ್ರತಿಯೊಂದರ ಲೆಕ್ಕವನ್ನೂ ಮೊದಲಿನಿಂದ ಹಾಕುತ್ತಿತ್ತು. “ಆಕಳ ಹಾಲ್ ಹಿಂಡಿ ಮುಗಿಸಬಹುದು, ಇದರ ತಿರುಗಾಟ ಮುಗಿಯಲ್ಲ,” ಎಂದು ಮನ್ಮಥಪ್ಪ ನಗುತ್ತಿದ್ದರು. ಆಗ ಬಸವಕುಮಾರ ಒಂದು ಉಪಾಯ ಮಾಡಿದ. ಪ್ರತಿ ಫೋಲ್ಡರಿನ ಸಾರವನ್ನು, ಅಂದರೆ ಅದರೊಳಗೆ ಯಾವ ದನಗಳಿವೆ ಎಂಬುದನ್ನು, ಒಮ್ಮೆ ಲೆಕ್ಕ ಹಾಕಿ ಇಂಡೆಕ್ಸ್ ಎಂಬ ಒಂದು ಸೂಚಿಯಲ್ಲಿ ಇಟ್ಟುಕೊಳ್ಳುವುದು. ಒಳಗೆ ಏನೂ ಬದಲಾಗದಿದ್ದರೆ ಹೊಸದಾಗಿ ನೋಡದೆ ಇಟ್ಟುಕೊಂಡಿದ್ದನ್ನೇ ಬಳಸುವುದು. ಏನಾದರೂ ಬದಲಾದರೆ ಆ ಊರಿನ ಸಾರವನ್ನೂ ಅದರ ಮೇಲಿನ ತಾಲೂಕಿನ ಸಾರವನ್ನೂ ಹೊಡೆದು ಹಾಕಬೇಕು. ಮುಂದಿನ ಸಲ ಅವನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಿದರಾಯಿತು. ನಾಲ್ಕು ನಿಮಿಷದ ಕೆಲಸ ಮೂರು ಸೆಕೆಂಡಿಗೆ ಇಳಿಯಿತು. ಅವನು ಅದರ ಮೇಲೆ ಕಾಲೇಜಿನಲ್ಲಿ ಒಂದು ಭಾಷಣವನ್ನೇ ಮಾಡಿದ. ಮನ್ಮಥಪ್ಪ ಮುಂದಿನ ಸಾಲಿನಲ್ಲಿ ಕೂತು ಕೇಳಿದರು, ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮುಂದಿನ ವಾರ, ದೇವಣಿಯಲ್ಲಿ ಸಮಿತಿಯ ಪ್ರದರ್ಶನ. ಬಿಳಿ ಮೈ ಕರಿ ಮೋರೆಯ ವಾನೇರಾ, ಪೂರ್ತಿ ಬಿಳಿಯ ಬಾಲಂಕ್ಯಾ, ಕರಿ ಚುಕ್ಕೆಯ ಶೇವರಾ, ಮೂರೂ ಬಗೆಯ ದನಗಳು ಸಾಲಾಗಿ ಕಟ್ಟಿದ್ದವು. ಅತಿ ಹೆಚ್ಚು ಸಲ ಈದ ಆಕಳಿಗೆ ಆ ವರ್ಷ ಮೊದಲ ಮಾನ. ಸಮಿತಿಯ ಅಧ್ಯಕ್ಷ ವೈಜಿನಾಥ ಮುದ್ರಿತ ಪಟ್ಟಿ ಹಿಡಿದು ಮೈಕಿನಲ್ಲಿ ಓದಿದರು: “ಸಾಸ್ತೂರದ ಸರುಬಾಯಿ ಅವರ ಕಾಜಳಿ. ಹನ್ನೊಂದು ಸೂಲು.”

ಸರುಬಾಯಿ ಎದ್ದು ನಿಂತರು. ಅರವತ್ತರ ಆಸುಪಾಸಿನ ರೈತ ಹೆಂಗಸು. ಒಂದು ಕಡಸನ್ನು ಬಾಡಿಗೆ ಟೆಂಪೋದಲ್ಲಿ ಏರಿಸಿಕೊಂಡು ಅಷ್ಟು ದೂರದಿಂದ ಬಂದಿದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ಸೆರಗು ಸರಿಪಡಿಸಿಕೊಂಡು, ಮೈಕಿಲ್ಲದೆಯೇ ಹೇಳಿದರು:

“ಕಾಜಳಿ ಸತ್ತು ಐದು ತಿಂಗಳಾತ್ರಿ. ಶ್ರಾವಣದಾಗೇ ಹೋತು. ಮನ್ಮಥಪ್ಪ ಅಣ್ಣಾರೇ ಮನಿತನಕ ಬಂದು, ಕೂತು, ಚಾ ಕುಡ್ದು, ಚೀಟಿ ಮ್ಯಾಲ ಬರ್ಕೊಂಡು ಹೋಗ್ಯಾರ.”

ಜನ ಈಗ ಮನ್ಮಥಪ್ಪನವರ ಕಡೆ ತಿರುಗಿದರು. ವೈಜಿನಾಥ ಕಚೇರಿಯೊಳಗೆ ಹೋಗಿ ಕಂಪ್ಯೂಟರ್ ತೆರೆದು ನೋಡಿದರು. ಕಾಜಳಿ ಅಲ್ಲಿ ಜೀವಂತವಾಗಿದ್ದಳು. ಹಿಂದಿನಿಂದ ಯಾರೋ, “ಮಾಸ್ತರಿಗಿ ವಯಸ್ಸಾತು ಈಗ,” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ಹೆಚ್ಚು ಜನ ನಕ್ಕರು.

ಮನ್ಮಥಪ್ಪ ಎದ್ದರು. “ನಾ ಬರ್ಕೊಂಡ್ ಬಂದಿದ್ದು ನನಗ ನೆನಪದ,” ಎಂದರು. ಮತ್ತೆ ಹೇಳಿದರು: “ತೆಗೆದಿದ್ದೂ ನೆನಪದ ಅನಸ್ತದ. ಆದ್ರ ಇಲ್ಲಿ ಅದಲ್ಲ. ಮರ್ತಿರಬೇಕು. ಸರುಬಾಯಿ, ತಪ್ಪು ನಂದು ನೋಡವ್ವಾ.”

ಪಕ್ಕದಲ್ಲೇ ಕೂತಿದ್ದ ಬಸವಕುಮಾರನೂ ಅವರು ಮರೆತಿದ್ದಾರೆಂದೇ ತಿಳಿದ. ಅವರ ಕೈ ಹಿಡಿದು ಕೂರಿಸಿ, ಚಿಕ್ಕವರಿಗೆ ಹೇಳುವ ಧ್ವನಿಯಲ್ಲಿ, “ಇರ್ಲಿ ಬಿಡ್ರಿ ಕಾಕಾ, ಆಗ್ತದ,” ಎಂದ. ಆ ಧ್ವನಿ ಆಮೇಲೆ ಅವನಿಗೆ ಎಷ್ಟೋ ಸಲ ಕೇಳಿಸಿತು.

ಮರುದಿನ ಬೆಳಗ್ಗೆ ಮನ್ಮಥಪ್ಪ ಫೋನ್ ಮಾಡಿ, ಬಂದು ಕಂಪ್ಯೂಟರ್ ಒಯ್ಯಲು ಹೇಳಿದರು. ಅವನು ಹೋದಾಗ ಅವರು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. “ನಾ ಇನ್ ಅದರ ಮುಂದ ಕೂಡಲ್ಲ. ನೀನೇ ನೋಡ್ಕೋ ಬಸು,” ಎಂದಷ್ಟೇ ಹೇಳಿದರು. ಎಷ್ಟು ಕೇಳಿದರೂ ತಿರುಗಲಿಲ್ಲ.

ಒಯ್ಯುವ ಮೊದಲು ಅವನು ಒಮ್ಮೆ ತೆರೆದು ನೋಡಿದ. ಸಾಸ್ತೂರದ ಫೋಲ್ಡರಿನಲ್ಲಿ ಏಳು ದನಗಳಿದ್ದವು. ಕಾಜಳಿ ಇರಲಿಲ್ಲ.

ಅವನು ಮತ್ತೊಮ್ಮೆ ನೋಡಿದ. ಇರಲಿಲ್ಲ. ಮನ್ಮಥಪ್ಪ ಶ್ರಾವಣದಲ್ಲೇ ತೆಗೆದಿದ್ದರು, ಉಳಿಸಿಯೂ ಇದ್ದರು. ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಕಾಲೇಜಿಗೆ ಹೋದ. ಪಾಠವಿಲ್ಲದ ಗಂಟೆಯಲ್ಲಿ ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಒಂದು ಪರೀಕ್ಷೆ ಮಾಡಿದ. ಸುಳ್ಳು ಊರೊಂದನ್ನು ಮಾಡಿ, ಮೂರು ದನ ಸೇರಿಸಿ, ಉಳಿಸಿದ. ಒಂದನ್ನು ತೆಗೆದು ಮತ್ತೆ ಉಳಿಸಿದ. ತಯಾರಾದ ಪ್ರತಿಯನ್ನು ತೆರೆದ. ಮೂರೂ ಅಲ್ಲಿದ್ದವು.

ಕಾರಣ ಸಿಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ದನ ಸೇರಿಸಿದಾಗ ಊರಿನ ಹಳೆಯ ಸಾರವನ್ನು ಹೊಡೆದು ಹಾಕುವ ಸಾಲನ್ನು ಅವನು ಬರೆದಿದ್ದ. ವಿವರ ತಿದ್ದಿದಾಗಲೂ ಬರೆದಿದ್ದ. ತೆಗೆದಾಗ ಬರೆದಿರಲಿಲ್ಲ. ಹಾಗಾಗಿ ಒಂದು ದನವನ್ನು ತೆಗೆದರೆ ತಂತ್ರಾಂಶಕ್ಕೆ ಆ ಊರಿನಲ್ಲಿ ಏನೂ ಬದಲಾಗಿಲ್ಲ ಎಂದೇ ತೋರುತ್ತಿತ್ತು. ಅದು ಹಳೆಯ ಸಾರವನ್ನೇ ಎತ್ತಿ ದೇವಣಿಗೆ ಕಳಿಸುತ್ತಿತ್ತು. ಮುಂದೆ ಅದೇ ಊರಿನಲ್ಲಿ ಒಂದು ಕರು ಹುಟ್ಟಿ ಹೆಸರು ಸೇರಿದರೆ ಸಾಕು, ಎಲ್ಲ ಹೊಸದಾಗಿ ಲೆಕ್ಕವಾಗಿ ತಪ್ಪು ತಾನಾಗಿಯೇ ಮಾಯವಾಗುತ್ತಿತ್ತು. ಸಾಸ್ತೂರದಲ್ಲಿ ಕಾಜಳಿಯ ನಂತರ ಯಾವ ಕರುವೂ ಹುಟ್ಟಿರಲಿಲ್ಲ.

ಬಸವಕುಮಾರ ಆ ಒಂದು ಸಾಲನ್ನು ಬರೆದ. ಆಮೇಲೆ ಕುರ್ಚಿಗೆ ಒರಗಿ, ಮನ್ಮಥಪ್ಪನವರಿಗೆ ಫೋನ್ ಮಾಡಬೇಕೆಂದು ಹೆಸರು ಹುಡುಕಿದ. ವೈಜಿನಾಥರಿಗೆ ಏನು ಹೇಳುವುದು, ಭಾಷಣ ಕೇಳಿದ ಸಹೋದ್ಯೋಗಿಗಳಿಗೆ ಏನು ಹೇಳುವುದು ಎಂಬ ಯೋಚನೆ ಬಂತು. ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟ. ಎಲ್ಲ ಊರುಗಳ ಎಲ್ಲ ಸಾರಗಳನ್ನೂ ಒಮ್ಮೆಗೇ ಹೊಡೆದು ಹಾಕಿ ಹೊಸದಾಗಿ ಉಳಿಸಿದ. ಸತ್ತೋ ಮಾರಾಟವಾಗಿಯೋ ತೆಗೆದಿದ್ದ ಇಪ್ಪತ್ತೇಳು ದನಗಳು ದೇವಣಿಯ ಪಟ್ಟಿಯಿಂದ ಸದ್ದಿಲ್ಲದೆ ಹೋದವು. ಬದಲಾವಣೆಯ ಜೊತೆಗೆ ಒಂದು ಟಿಪ್ಪಣಿ ಬರೆಯಬೇಕಿತ್ತು. ಅವನು ಬರೆದ: ‘ಸಣ್ಣ ಸುಧಾರಣೆ.’

ನಾಳೆ ಹೇಳೋಣ ಎಂದುಕೊಂಡ. ನಾಳೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಆ ವಾರ ಕಳೆಯಿತು. ಮುಂದಿನ ವಾರ ವೈಜಿನಾಥ ಫೋನ್ ಮಾಡಿ, ನೋಂದಣಿಯ ಜವಾಬ್ದಾರಿಯನ್ನು ಇನ್ನು ಅವನೇ ಹೊರಬೇಕೆಂದೂ, ಮನ್ಮಥಪ್ಪನವರಿಗೆ ಒಂದು ಶಾಲು ಹೊದಿಸಿ ಬೀಳ್ಕೊಡೋಣವೆಂದೂ ಹೇಳಿದರು. “ನೀವೇ ಎರಡು ಮಾತಾಡ್ರಿ ಅವರ ಬಗ್ಗಿ,” ಎಂದರು. ಬಸವಕುಮಾರ ಹೂಂ ಎಂದ. ಒಂದೊಂದು ದಿನ ಕಳೆದಂತೆ ಹೇಳಬೇಕಾದ ಮಾತು ಉದ್ದವಾಗುತ್ತ ಹೋಯಿತು. ಮೊದಲು ತಪ್ಪನ್ನು ಮಾತ್ರ ಹೇಳಿದ್ದರೆ ಸಾಕಿತ್ತು, ಈಗ ಹೇಳದೆ ಇದ್ದುದನ್ನೂ ಹೇಳಬೇಕಿತ್ತು. ಅವನು ಮನ್ಮಥಪ್ಪನವರ ಓಣಿಯನ್ನು ಬಿಟ್ಟು ಸುತ್ತಿನ ದಾರಿಯಿಂದ ಮನೆಗೆ ಹೋಗತೊಡಗಿದ.

ಫೆಬ್ರವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಮನ್ಮಥಪ್ಪನವರ ಮಗಳು ಮಂಗಲಾ ಕಾಲೇಜಿಗೇ ಬಂದಳು. ಊರಿನ ಶಾಲೆಯೊಂದರಲ್ಲಿ ಶಿಕ್ಷಕಿ. ತಂದೆಯ ಮನೆಯಲ್ಲೇ ಇದ್ದಳು. ಸ್ಟಾಫ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತು ಹೇಳಿದಳು:

“ಅಪ್ಪ ಈಗ ಊಟ ಆದ ಮ್ಯಾಲ ನನಗ ಕೇಳ್ತಾರ, ನಾ ಊಟ ಮಾಡೀನೇನು ಅಂತ. ಗ್ಯಾಸ್ ಬಂದ್ ಮಾಡಿದ್ದು ಮೂರ್ ಸರತಿ ಬಂದು ನೋಡ್ತಾರ. ಲಾತೂರಿಗಿ ಒಯ್ದು ಡಾಕ್ಟರಿಗಿ ತೋರಿಸಿದ್ವಿ.”

“ಏನಂದ್ರಕ್ಕಾ ಡಾಕ್ಟರ್?”

“ಒಂದು ನಿಮಿಷದಾಗ ಎಷ್ಟು ಪ್ರಾಣಿ ಹೆಸರು ಬರ್ತಾವ ಅಷ್ಟು ಹೇಳ್ರಿ ಅಂದ್ರು. ಅಪ್ಪ ಹುಲಿ ಸಿಂಹ ಅನ್ನೋದು ಬಿಟ್ಟು ಆಕಳ ಹೆಸರು ಸುರು ಮಾಡಿದ್ರು. ಯಾರ ಮನಿದು, ಅದರವ್ವ ಯಾರು, ಅಪ್ಪ ಯಾರು. ನಿಮಿಷ ಮುಗದ್ರೂ ನಿಲ್ಲಿಸಲಿಲ್ಲ. ಡಾಕ್ಟರ್ ನಗ್ತಾ, ಇವರಿಗಿ ಏನೂ ಆಗಿಲ್ಲ ಅಂದ್ರು.” ಮಂಗಲಾ ನಗಲಿಲ್ಲ. “ಅಪ್ಪ ನಂಬಲ್ಲ. ಡಾಕ್ಟರಿಗಿ ಏನ್ ಗೊತ್ತು, ಕಾಜಳಿ ಬಗ್ಗಿ ಗೊತ್ತದೇನು ಅಂತಾರ.”

ಬಸವಕುಮಾರ ಎದುರಿನ ಕಾರಿಡಾರಿನಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳನ್ನು ನೋಡುತ್ತ ಕೂತಿದ್ದ.

“ನಾ ಒಂದ್ ಕೇಳ್ಲಾಕ ಬಂದೀನಿ,” ಎಂದಳು ಮಂಗಲಾ. “ಆ ಕಂಪ್ಯೂಟರದಾಗೇ ಏನರೆ ಚೂಕ್, ತಪ್ಪು ಇರಬಹುದಾ? ನನಗ ತಿಳಿಯಲ್ಲ, ಅದಕ್ಕ ಕೇಳ್ಲತ್ತೀನಿ.”

ನಿಜ ಹೇಳುವುದಕ್ಕೆ ಬಾಗಿಲು ಅವಳೇ ತೆರೆದಿದ್ದಳು. ಅವನು ಒಳಗೆ ಹೋಗಬೇಕಿತ್ತು, ಅಷ್ಟೇ.

“ಇಲ್ಲಕ್ಕಾ,” ಎಂದ. “ನಾ ಎಲ್ಲಾ ಚೆಕ್ ಮಾಡೀನಿ.”

“ಹೌದಾ. ಹಂಗಾದ್ರ ಆತು,” ಎಂದು ಅವಳು ಎದ್ದಳು. ಹೊತ್ತು ತೆಗೆದುಕೊಂಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದೂ ಹೇಳಿದಳು.

ಆ ಸಂಜೆಯ ಪಾಠವನ್ನು ಅವನಿಂದ ಮುಗಿಸಲಾಗಲಿಲ್ಲ. ಬೋರ್ಡಿನ ಕಡೆ ತಿರುಗಿದವನು ಏನು ಬರೆಯಬೇಕೆಂದು ತಿಳಿಯದೆ ನಿಂತ. ಮೈ ಸರಿಯಿಲ್ಲ ಎಂದು ಹೇಳಿ ಹೊರಗೆ ಬಂದ.

ಭಾನುವಾರ ಅವನು ಹೋದದ್ದು ಮನ್ಮಥಪ್ಪನವರ ಮನೆಗಲ್ಲ, ಸಾಸ್ತೂರಕ್ಕೆ. ಯಾಕೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಪ್ರದರ್ಶನದಲ್ಲಿ ನೊಂದವರು ಸರುಬಾಯಿ, ಅವರ ಕ್ಷಮೆ ಕೇಳಿದರೆ ಅರ್ಧ ಭಾರ ಇಳಿದೀತು ಎಂದಿರಬೇಕು. ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಬಸ್ ಬದಲಿಸಿ, ಮುಂದೆ ಮತ್ತೊಂದು ಹಿಡಿದು ಮಧ್ಯಾಹ್ನಕ್ಕೆ ಮುಟ್ಟಿದ. ತೊಂಬತ್ತಮೂರರ ಭೂಕಂಪದ ನಂತರ ಕಟ್ಟಿದ ಮನೆಗಳ ಸಾಲುಗಳು ಒಂದೇ ಥರ ಇದ್ದವು. ಎರಡು ಕಡೆ ಕೇಳಿ ಮನೆ ಹುಡುಕಿದ.

ಸರುಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಗುರುತು ಹಿಡಿದು, ಚಾಪೆ ಹಾಕಿ, ನೀರು ಕೊಟ್ಟರು. ಅವನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

“ನೀವೂ ಬಂದ್ರ್ಯಾ? ಹೋದ ವಾರ ಮನ್ಮಥಪ್ಪ ಅಣ್ಣಾರು ಬಂದಿದ್ರು. ಒಬ್ಬರೇ, ಬಸ್ಸಿನಾಗ. ಕಾಲಾಗ ಬಾವು ಬಂದಿತ್ತು ಅವರಿಗಿ. ಜನರ ಮುಂದ ನಿನ್ನ ಸತ್ತ ಆಕಳ ಹೆಸರ ಕೂಗಿಸಿದೆ, ಮಾಫ್ ಮಾಡು ಅಂತ ಕೈ ಮುಗದ್ರು ತಮ್ಮಾ. ನನಗಿಂತ ಹಿರೇರು. ನಾ ಎಲ್ಲಿ ಅಡಗ್ಲಿ ಅನಿಸ್ತು.”

ಬಸವಕುಮಾರನ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು.

“ಅವರು ಮರ್ತಿಲ್ರಿ ಮೌಶಿ,” ಎಂದ. “ಅವರು ಬರೋಬರ್ ತೆಗೆದಿದ್ರು. ತಪ್ಪು ನಂದು.”

ಅದು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಸರುಬಾಯಿ ಮೊರ ಕೆಳಗಿಟ್ಟು ಅವನನ್ನು ನೋಡಿದರು. ತಂತ್ರಾಂಶದ ಸಂಗತಿ ಅವರಿಗೆ ಎಷ್ಟು ತಿಳಿಯಿತೋ, ಅವನು ಹೇಳುವಷ್ಟು ಹೇಳಿದ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: “ಅವರಿಗಿ ಹೇಳೀರೇನು?”

“ಇಲ್ರಿ.”

“ಮತ್ತ ಇಲ್ಲಿಗಿ ಯಾಕ ಬಂದ್ರಿ?”

ಚಹಾ ಮಾಡುತ್ತೇನೆ ಎಂದು ಅವರು ಅನ್ನಲಿಲ್ಲ. ಮೂರು ಗಂಟೆಗೆ ನಿಲಂಗಾಕ್ಕೆ ಬಸ್ ಇದೆ ಎಂದರು.

ಉದಗೀರ ಮುಟ್ಟಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಸ್ಟ್ಯಾಂಡಿನಿಂದ ನೇರ ಮನ್ಮಥಪ್ಪನವರ ಮನೆಗೆ ನಡೆದ. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದರು. “ಬಾ ಬಸು,” ಎಂದು ಸರಿದು ಜಾಗ ಮಾಡಿದರು. ಅವನು ಕೂರದೆ ನಿಂತೇ ಹೇಳಿದ. ಕಾಜಳಿಯನ್ನು ಅವರು ತೆಗೆದಿದ್ದರು. ತಾನು ಒಂದು ಸಾಲು ಬರೆಯುವುದನ್ನು ಬಿಟ್ಟಿದ್ದರಿಂದ ತೆಗೆದದ್ದು ದೇವಣಿಗೆ ಮುಟ್ಟಲಿಲ್ಲ. ಇಪ್ಪತ್ತೇಳು ದನ ಹಾಗೇ ಉಳಿದಿದ್ದವು.

ಮನ್ಮಥಪ್ಪ ಮಂಚದ ಅಂಚಿಗೆ ಸರಿದು ಕಾಲು ನೆಲಕ್ಕಿಟ್ಟರು.

“ನಾ ತೆಗೆದಿದ್ದೆ,” ಎಂದರು.

“ಹೌದ್ರಿ ಕಾಕಾ.”

“ಯಾವತ್ತ್ ಗೊತ್ತಾತು ನಿನಗ?”

ಈ ಪ್ರಶ್ನೆಗೆ ಹೆದರಿಯೇ ಅವನು ಇಷ್ಟು ದಿನ ದೂರವಿದ್ದದ್ದು. “ಪ್ರದರ್ಶನದ ಮರುದಿನ.”

“ಆ ಕಂಪ್ಯೂಟರ್ ಒಯ್ಲಾಕ ಬಂದಿದ್ದಿಯಲ್ಲ, ಅವತ್ತು?”

“ಅವತ್ತೇ.”

ಮನ್ಮಥಪ್ಪ ಬೆರಳು ಮಡಚಿ ಎಣಿಸಿದರು. “ನಲವತ್ತೊಂದು ದಿನ ಆತು,” ಎಂದರು. ಧ್ವನಿ ಏರಲಿಲ್ಲ. “ತಪ್ಪು ಯಾರಿಗಿ ಆಗಲ್ಲ ಬಸು. ನಾ ಎಷ್ಟ್ ಆಕಳಿಗಿ ತಪ್ಪು ಸೂಜಿ ಚುಚ್ಚೀನಿ. ಆದ್ರ ಈ ನಲವತ್ತೊಂದು ದಿನ ನಾ ನನ್ನ ಮಗಳಿಗಿ ಕೇಳ್ಕೋತ ಕೂತಿದ್ದೆ, ಇವತ್ತು ಯಾವ ವಾರ ಅಂತ. ನೀ ಎರಡು ಓಣಿ ಆಚಿ ಇದ್ದಿ.”

ಒಳಬಾಗಿಲಿನಲ್ಲಿ ಮಂಗಲಾ ನಿಂತಿದ್ದನ್ನು ಅವನು ಆಗ ನೋಡಿದ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

“ನಾ ನಿಮ್ಮ ಕಾಲೇಜಿಗಿ ಬಂದು ಕೇಳಿದ್ನಲ್ಲ,” ಎಂದಳು. “ಬಾಯಿ ಬಿಟ್ಟು ಕೇಳಿದ್ನಲ್ಲ.”

“ಹೌದಕ್ಕಾ. ಸುಳ್ಳು ಹೇಳಿದೆ.”

ಅವಳು ಒಳಗೆ ಹೋದಳು. ಮನ್ಮಥಪ್ಪ ಗೋಡೆಯ ಕಡೆ ನೋಡುತ್ತ, “ಸಮಿತಿ ಸಭಾ ಯಾವಾಗ ಅದ?” ಎಂದು ಕೇಳಿದರು. ಗುರುವಾರ ಎಂದ. “ಅಲ್ಲಿ ಹೇಳು. ನಾನೂ ಬರ್ತೀನಿ.”

ಗುರುವಾರ ದೇವಣಿಯ ಕಚೇರಿಯಲ್ಲಿ ಹದಿನೈದು ಜನ ಸೇರಿದ್ದರು. ಮೇಜಿನ ಮೇಲೆ ಬೀಳ್ಕೊಡುಗೆಗೆಂದು ತಂದ ಶಾಲು ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಬಸವಕುಮಾರ ಎದ್ದು, ತಂತ್ರಾಂಶದಲ್ಲಿ ತಪ್ಪಿತ್ತೆಂದು ಹೇಳಿದ. ಹೇಳಿ ಮುಗಿಸುವ ಮೊದಲೇ ವೈಜಿನಾಥ ಕೈ ಬೀಸಿದರು. “ಹೋಗ್ಲಿ ಬಿಡ್ರಿ ಸರ್, ಕಂಪ್ಯೂಟರ್ ಅಂದ ಮ್ಯಾಲ ಹಿಂಗೆಲ್ಲಾ ಆಗಾದೇ. ನಾವು ಮಾಸ್ತರಿಗಿ ಅಂದಿದ್ದು ತಪ್ಪಾತು.” ಉಳಿದವರೂ ತಲೆ ಆಡಿಸಿದರು. ಅಲ್ಲಿಗೇ ಕೂರಬಹುದಿತ್ತು. ಮಾತು ಅಲ್ಲಿಗೇ ಮುಗಿದಿತ್ತು.

ಅವನು ಕೂರಲಿಲ್ಲ. “ಕಂಪ್ಯೂಟರ್ ಮಾಡಿದ್ದಲ್ರಿ,” ಎಂದ. “ನಾ ಬರೆಯೋದು ಬಿಟ್ಟಿದ್ದು. ಮರುದಿನವೇ ನನಗ ಗೊತ್ತಾಗಿತ್ತು. ಸುಮ್ಮನ ತಿದ್ದಿ, ಯಾರಿಗೂ ಹೇಳದಂಗ ಇಟ್ಟೆ. ಮಂಗಲಕ್ಕ ಬಂದು ಕೇಳಿದಾಗ ಇಲ್ಲ ಅಂದೆ. ಇವರು ಸಾಸ್ತೂರಕ್ಕ ಹೋಗಿ ನನ್ನ ತಪ್ಪಿಗಿ ಕೈ ಮುಗದು ಬಂದಾರ.”

ಯಾರೂ ಬೈಯಲಿಲ್ಲ. ಎಲ್ಲರೂ ಅವನಿಂದ ಕಣ್ಣು ತಪ್ಪಿಸಿ ಬೇರೆಲ್ಲೋ ನೋಡಿದರು. ವೈಜಿನಾಥ ಶಾಲಿನ ಚೀಲವನ್ನು ಮೇಜಿನ ಮೇಲಿಂದ ತೆಗೆದು ಕುರ್ಚಿಯ ಕೆಳಗೆ ಇಟ್ಟರು.

ಅಂದು ಸಭೆ ಎರಡು ತೀರ್ಮಾನ ಮಾಡಿತು. ನೋಂದಣಿ ಮತ್ತೆ ಮನ್ಮಥಪ್ಪನವರ ಕೈಗೆ. ತಂತ್ರಾಂಶ ಮಾತ್ರ ಬಸವಕುಮಾರನದು ಬೇಡ, ಎಲ್ಲ ಕಡೆ ಬಳಸುವಂಥದ್ದು ಇರಲಿ. ಅದನ್ನು ಹಾಕಿಕೊಡುವ ಕೆಲಸವನ್ನು ಅವನಿಗೇ ವಹಿಸಿದರು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವನು ಒಪ್ಪಿದ. ಭಾನುವಾರ ರಾತ್ರಿಯೇ ತನ್ನ ಹಳೆಯ ಟಿಪ್ಪಣಿಯ ಕೆಳಗೆ ಮತ್ತೊಂದು ಬರೆದಿದ್ದ. ಅದರಲ್ಲಿ ಏನು ತಪ್ಪು, ಯಾರದು, ಎಷ್ಟು ದಿನ ಮುಚ್ಚಿಟ್ಟದ್ದು ಎಲ್ಲ ಇತ್ತು. ಅದನ್ನು ಓದುವವರು ಯಾರೂ ಇರಲಿಲ್ಲ.

ಇಬ್ಬರೂ ಒಂದೇ ಬಸ್ಸಿನಲ್ಲಿ ಉದಗೀರಕ್ಕೆ ಮರಳಿದರು. ಮನ್ಮಥಪ್ಪ ಮುಂದಿನ ಸೀಟಿನಲ್ಲಿ ಕೂತರು, ಅವನು ಹಿಂದೆ. ದಾರಿಯಲ್ಲಿ ಅವರು ಒಂದು ಸಲವೂ ತಿರುಗಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದಾಗ, “ಸೋಮವಾರ ಬಂದು ಹಾಕಿಕೊಡು,” ಎಂದರು. ಕಾಕಾ ಆಟೋ ಹಿಡಿಯಲೇ ಎಂದು ಅವನು ಕೇಳಿದ್ದಕ್ಕೆ ಬೇಡವೆಂದು ಕೈ ಆಡಿಸಿ ನಡೆದರು.

ಹಣ್ಣಿನ ಗಾಡಿಗಳ ಹತ್ತಿರ ಹೋಗಿ ಅವರು ನಿಂತರು. ಅಂಗಿಯ ಜೇಬಿಗೆ ಕೈ ಹಾಕಿ ಮನೆಯ ಕೀಲಿ ತೆಗೆದು ನೋಡಿ, ಮತ್ತೆ ಒಳಗಿಟ್ಟರು. ಹತ್ತು ಹೆಜ್ಜೆ ಹೋಗಿ ಮತ್ತೊಮ್ಮೆ ನಿಂತು ಅದೇ ಜೇಬನ್ನು ಮುಟ್ಟಿ ನೋಡಿಕೊಂಡರು. ಬಸವಕುಮಾರ ಬಸ್ಸಿನ ಪಕ್ಕದಲ್ಲೇ ನಿಂತು, ಅವರು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ.